ಎರವಲು ಗಂಟಲು

ನನ್ನ ಗಂಟಲಿನಲ್ಲಿ ಒಟ್ಟು ಹನ್ನೊಂದು ಮಂದಿ ಬಿಡಾರ ಹೂಡಿದ್ದಾರೆ. ನಾನಾಗಿ ಯಾರನ್ನೂ ಕರೆದವನಲ್ಲ. ಮೂರನೆಯ ತರಗತಿಯಲ್ಲಿ ಮಗ್ಗಿಯನ್ನು ಮೂಗಿನಿಂದಲೇ ಹೇಳಿಕೊಡುತ್ತಿದ್ದ ಮೇಷ್ಟರು ಮೊದಲು ಬಂದರು. ಅವರ ಹಿಂದೆಯೇ, ಕುದುರೆಗೂ ಸವಾರಿಗೂ ಒಂದೇ ಧಾಟಿಯಲ್ಲಿ ಬೈಯುವ ಜಟಕಾ ಸಾಬರು ಬಂದರು. ಆಮೇಲೆ ನಮ್ಮ ಗುಡಿಯ (ನೀವು ಚರ್ಚು ಎನ್ನುತ್ತೀರಿ) ವಿದೇಶಿ ಸ್ವಾಮಿಗಳು, ಅಂದರೆ ಪಾದ್ರಿಗಳು. ಇಪ್ಪತ್ತು ವರ್ಷ ಮೈಸೂರಿನಲ್ಲಿದ್ದೂ ‘ಳ’ಕಾರವನ್ನು ಮುಟ್ಟಲು ಹೆದರಿ, ‘ಮಕ್ಕಲೇ, ಒಲ್ಲೆಯವರಾಗಿರಿ’ ಎಂದು ಹರಸುವ ಪುಣ್ಯಾತ್ಮರು. ನಾನು ಕೆಲಸ ಮಾಡುವ ಊದಿನಕಡ್ಡಿ ಕಾರ್ಖಾನೆಯ ಯಜಮಾನರಂತೂ ಇಬ್ಬರಾಗಿ ಬಂದಿದ್ದಾರೆ: ಗಿರಾಕಿಗಳೆದುರು ಬೆಣ್ಣೆಯಂಥವರು ಒಬ್ಬರು, ನಮ್ಮೆದುರು ಗರಗಸದಂಥವರು ಇನ್ನೊಬ್ಬರು. ಹೀಗೆ ಹನ್ನೊಂದು ಮಂದಿ. ಇವರ ನಡುವೆ ನನ್ನ ಸ್ವಂತ ದನಿ ಎಲ್ಲಿ ಎಂದು ನೀವು ಕೇಳಬಹುದು. ಅವ್ವನೂ ಅದನ್ನೇ ಕೇಳುತ್ತಾಳೆ. “ಲೋ, ನಿನ್ ಬಾಯಲ್ಲಿ ನೀನು ಮಾತಾಡಿ ಎಷ್ಟು ದಿನ ಆಯ್ತೋ?”

ಈ ವಾರ ಮಾತ್ರ ಅವ್ವನ ಮನೆ ತಣ್ಣಗಿದೆ. ನೆಗಡಿ ಬಂದು ನನ್ನ ಗಂಟಲು ಕಟ್ಟಿಕೊಂಡಿದೆ. ಹನ್ನೊಂದು ಮಂದಿಯೂ ಕದ ಹಾಕಿಕೊಂಡು ಮಲಗಿದ್ದಾರೆ. ನಿನ್ನೆ ಸಂಜೆ ಮಂಡಿ ಮೊಹಲ್ಲಾದ ಗ್ರಂಥಿಗೆ ಅಂಗಡಿಯಲ್ಲಿ ಒಂದು ತುಂಡು ಜೇಷ್ಠಮಧು ಕೊಂಡು ಬಾಯಿಗೆ ಹಾಕಿಕೊಂಡೆ. ಆ ಬೇರಿನ ಸಿಹಿ ನಾಲಗೆಗೆ ಇಳಿದದ್ದೇ ತಡ, ಚೌರಪ್ಪನವರು ನೆನಪಾದರು.

ಚೌರಪ್ಪನವರು ನಮ್ಮ ಉಪದೇಶಿಗಳು. ಉಪದೇಶಿ ಎಂದರೆ ಸ್ವಾಮಿಗಳಲ್ಲ. ಪೂಜೆಯೊಂದನ್ನು ಬಿಟ್ಟು ಸ್ವಾಮಿಗಳ ಉಳಿದ ಕೆಲಸವನ್ನೆಲ್ಲ ಮಾಡುವವರು. ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರ ಮಂಚದ ಬಳಿ ಕೂರುವುದು, ಗಂಡ ಹೆಂಡಿರ ಜಗಳವನ್ನು ಸ್ವಾಮಿಗಳವರೆಗೆ ಹೋಗದಂತೆ ನಡುದಾರಿಯಲ್ಲೇ ನಿಲ್ಲಿಸುವುದು. ಪೂಜೆ ಇನ್ನೂ ಲ್ಯಾಟಿನ್ನಿನಲ್ಲೇ ಇದ್ದ ಕಾಲ. ದೇವರಿಗೆ ಅರ್ಥವಾಗುತ್ತಿದ್ದುದು ನಮಗೂ ಒಂದಿಷ್ಟು ಆಗಲಿ ಎಂದು ನೆಟ್ಟಗಿನ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದವರು ಅವರೊಬ್ಬರೇ. ನಮ್ಮ ವಠಾರದ ಮೂಲೆಮನೆಯಲ್ಲಿ ಒಬ್ಬಂಟಿಯಾಗಿ ಇದ್ದರು. ಅಂಗೈಯಗಲದ ಮುಖ, ಮೊಳದುದ್ದದ ಕಿವಿ (ಸ್ವಲ್ಪ ಹೆಚ್ಚು ಹೇಳಿದೆ, ಅರ್ಧ ಮೊಳ ಎಂದಿಟ್ಟುಕೊಳ್ಳಿ), ಬಾಯಲ್ಲಿ ಯಾವಾಗಲೂ ಜೇಷ್ಠಮಧು.

ಡಿಸೆಂಬರ್ ಬಂತೆಂದರೆ ಅವರ ಜಗಲಿಯ ಮೇಲೆ ಇಡೀ ವಠಾರಕ್ಕೆ ಸೇರಿದ ಒಂದೇ ಗೋದಲಿ ಏಳುತ್ತಿತ್ತು. ಯೇಸುಸ್ವಾಮಿ ಹುಟ್ಟಿದ ಆ ಕೊಟ್ಟಿಗೆಯನ್ನು ಬಿದಿರು, ಹುಲ್ಲು, ಗೋಣಿತಾಟಿನಲ್ಲಿ ಕಟ್ಟುವುದು ನಮ್ಮ ಕೆಲಸ. ಹತ್ತು ದಿನ ಮೊದಲೇ ಅಗಲವಾದ ತಟ್ಟೆಗಳಲ್ಲಿ ಒದ್ದೆ ಮಣ್ಣು ಹಾಕಿ ರಾಗಿ ಚೆಲ್ಲುತ್ತಿದ್ದೆವು. ಹಬ್ಬದ ಹೊತ್ತಿಗೆ ಬೆತ್ಲೆಹೇಮಿನ ಗುಡ್ಡಗಳೆಲ್ಲ ನಂಜನಗೂಡಿನ ಕಡೆಯ ಹೊಲಗಳ ಹಾಗೆ ಹಸಿರಾಗಿರುತ್ತಿದ್ದವು. ಆದರೆ ಬೊಂಬೆಗಳು? ಬಾಲಯೇಸು, ತಾಯಿ ಮರಿಯಮ್ಮನವರು, ಸಾಕುತಂದೆ ಜೋಜಪ್ಪನವರು ಉಪದೇಶಿಗಳ ಪೆಟ್ಟಿಗೆಯಲ್ಲಿದ್ದರು. ಉಳಿದ ಜನಕ್ಕೆ ನಾವು ನೇರವಾಗಿ ಪಕ್ಕದ ಬೀದಿಯ ಸಾವಿತ್ರಮ್ಮನವರ ಮನೆಗೆ ನುಗ್ಗುತ್ತಿದ್ದೆವು. ಅವರ ಮಾವನವರು ಅರಮನೆಯಲ್ಲಿ ಕೆಲಸದಲ್ಲಿದ್ದವರು. ದಸರೆಯಲ್ಲಿ ಆ ಮನೆಯ ಬೊಂಬೆ ನೋಡಲು ಅರ್ಧ ಮೈಸೂರು ಬರುತ್ತಿತ್ತು. ದಸರೆ ಮುಗಿದು ಹಳೆಯ ಪಂಚೆಗಳಲ್ಲಿ ಸುತ್ತಿ ಮಲಗಿಸಿದ್ದ ಬೊಂಬೆಗಳನ್ನು ನಮಗಾಗಿ ಮತ್ತೆ ಎಬ್ಬಿಸಿ ಕೊಡುತ್ತಿದ್ದರು. ಹಾಗಾಗಿ ನಮ್ಮ ಬೆತ್ಲೆಹೇಮಿನಲ್ಲಿ ಅಕ್ಕಿ ಬೇಳೆ ಗುಡ್ಡೆ ಹಾಕಿಕೊಂಡು ಕೂತ ಶೆಟ್ಟರಿದ್ದರು, ಪೊಲೀಸನಿದ್ದ, ವೀಣೆ ನುಡಿಸುವ ಹೆಂಗಸಿದ್ದಳು, ಒಂದು ಹುಲಿಯೂ ಇತ್ತು. ಕುರಿಗಳ ಪಕ್ಕದಲ್ಲೇ.

ತೊಂದರೆ ಬಂದದ್ದು ಮೂವರು ರಾಯರದ್ದು. ಮೂಡಣ ದಿಕ್ಕಿನಿಂದ ಕಾಣಿಕೆ ಹೊತ್ತು ಬರುವ ಮೂವರಲ್ಲಿ ಒಬ್ಬರಿಗಾಗಿ ನಾನು ಸಾವಿತ್ರಮ್ಮನವರ ಪಟ್ಟದ ಬೊಂಬೆಯ ರಾಜನನ್ನು ಕೇಳಿದೆ.

“ರಾಜನ್ನ ಬೇಕಾದ್ರೆ ತಗೊಂಡು ಹೋಗೋ ರಾಯಪ್ಪ. ಆದ್ರೆ ರಾಣೀನ ಬಿಟ್ಟು ಕಳಿಸಲ್ಲ. ಪಟ್ಟದ ಬೊಂಬೆ ಕಣೋ, ಜೋಡಿ ಮುರೀಬಾರ್ದು.”

“ಅಮ್ಮಾ, ನಮ್ಮ ಕತೇಲಿ ಬರೋರು ಮೂರು ಜನ ಗಂಡಸರು. ರಾಣಿ ಇಲ್ಲ.”

“ಬಾಣಂತಿ ನೋಡೋಕೆ ಬರೀ ಗಂಡಸರೇ ಹೋಗ್ತಾರೇನೋ? ನಿಮ್ಮೋರು ಬರೆಯೋಕೆ ಮರೆತಿರ್ಬೇಕು, ಸರಿಯಾಗಿ ವಿಚಾರ್ಸು.”

ನಾನು ವಿಚಾರಿಸಿದೆ. ಉಪದೇಶಿಗಳು ಜೇಷ್ಠಮಧುವನ್ನು ಬಲದವಡೆಯಿಂದ ಎಡದವಡೆಗೆ ಸಾಗಿಸಿ ಯೋಚಿಸಿ, “ಆಯಮ್ಮ ಹೇಳೋದು ನ್ಯಾಯವಾಗೈತೆ ಕಣೋ” ಎಂದರು. ಅಂದಿನಿಂದ ನಮ್ಮ ಗೋದಲಿಗೆ ಬರುವ ರಾಯರಲ್ಲಿ ಒಬ್ಬರು ಪತ್ನೀಸಮೇತರು. ಉಪದೇಶಿಗಳ ಕತೆಯಲ್ಲೂ ಆಕೆಗೆ ಜಾಗ ಸಿಕ್ಕಿತು. ರಾಯರು ಚಿನ್ನ, ಧೂಪ, ರಕ್ತಬೋಳ ಇಟ್ಟು ಅಡ್ಡಬಿದ್ದಾಗ ರಾಣಿ ಹಿಂದಿನಿಂದ ಬಂದು ಮರಿಯಮ್ಮನವರ ಕೈಗೆ ಒಂದು ಕುಡಿಕೆ ತುಪ್ಪ ಕೊಡುತ್ತಾಳೆ.

ಅವರ ಕತೆಯ ವಿಷಯಕ್ಕೆ ಬಂದೆ ನೋಡಿ. ಹಬ್ಬದ ದಿನ ಮಧ್ಯಾಹ್ನ, ಊಟವಾಗಿ ಎಲ್ಲರ ಬಾಯಲ್ಲೂ ಕಜ್ಜಾಯದ ಎಣ್ಣೆ ಇರುವ ಹೊತ್ತಿನಲ್ಲಿ, ಉಪದೇಶಿಗಳು ಗೋದಲಿಯ ಮುಂದೆ ನಿಂತು ಯೇಸು ಹುಟ್ಟಿದ ಕತೆ ಹೇಳುತ್ತಿದ್ದರು. ವಠಾರದ ಮಕ್ಕಳು, ಬೀದಿಯ ಮಕ್ಕಳು, ಜಟಕಾ ಸಾಬರ ಮೊಮ್ಮಕ್ಕಳು, ಯಾರಿಗೂ ತಡೆಯಿಲ್ಲ. ಮೊದಲು ಕೆಮ್ಮು. ಆಮೇಲೆ ಶಾಲನ್ನು ಎಡ ಹೆಗಲಿಗೆ ಒಗೆಯುವುದು. ಆಮೇಲೆ, “ಕೇಳ್ರಪ್ಪಾ ಮಕ್ಕಳಿರಾ! ಬೆತ್ಲೆಹೇಮಲ್ಲಿ ಅವತ್ತು ಜನ ಅಂದ್ರೆ ಜನ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ದಿನ ಎಂಗೆ ಇರ್ತದೋ ಅಂಗೆ!” ತುಂಬಿದ ಬಸುರಿಯನ್ನು ಕರೆದುಕೊಂಡು ಜೋಜಪ್ಪ ಛತ್ರದಿಂದ ಛತ್ರಕ್ಕೆ ಅಲೆಯುತ್ತಾನೆ. ಛತ್ರದವನು ತಲೆಯನ್ನೂ ಎತ್ತದೆ, “ಜಾಗ ಇಲ್ಲ, ಮುಂದಕ್ಕೋಗಿ” ಎನ್ನುತ್ತಾನೆ. ಕೊನೆಗೆ ಕೊಟ್ಟಿಗೆ, ಹುಲ್ಲು, ಮಗು.

ಇಲ್ಲಿಗೆ ಬಂದಾಗ ಉಪದೇಶಿಗಳು ಮಾತು ನಿಲ್ಲಿಸುತ್ತಿದ್ದರು. ಮೊಣಕಾಲಿನ ಮೇಲೆ ಕೈಯೂರಿ, ಲಟಕ್ಕೆಂದು ಸದ್ದು ಮಾಡುವ ಸೊಂಟವನ್ನು ಬಗ್ಗಿಸಿ, ಗೋದಲಿಯೊಳಗೆ ಇಣುಕಿ ನೋಡುತ್ತಿದ್ದರು. ನೋಡುತ್ತಲೇ ಇರುತ್ತಿದ್ದರು. ಇಪ್ಪತ್ತು ಎಣಿಸುವಷ್ಟು ಹೊತ್ತು. ಅವರ ಬೆನ್ನ ಹಿಂದೆ ಕೂತಲ್ಲೇ ಕಿವಿ ಅಲ್ಲಾಡಿಸುತ್ತಾ ನಾನು ಎಣಿಸಿದ್ದೇನೆ.

ಏಕೆಂದರೆ ನನ್ನ ಗಂಟಲಿನ ಹನ್ನೊಂದು ಮಂದಿಯಲ್ಲಿ ಅತ್ಯಂತ ಜನಪ್ರಿಯರು ಚೌರಪ್ಪನವರೇ. ಅವರ ಕತೆ ನನಗೆ ಮೊದಲಿಂದ ಕೊನೆಯವರೆಗೆ ಬಾಯಿಪಾಠ. ಕಾರ್ಖಾನೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ, ಮದುವೆಮನೆಗಳಲ್ಲಿ, ಎಲ್ಲಿ ನಾಲ್ಕು ಜನ ಸೇರಿದರೂ “ರಾಯಪ್ಪ, ಉಪದೇಶಿ ಮಾಡೋ” ಎನ್ನುತ್ತಿದ್ದರು. ಕಂಬಳಿಯೋ ಟವೆಲೋ ಸಿಕ್ಕಿದ್ದನ್ನು ಹೆಗಲಿಗೆ ಒಗೆದು ಶುರುಮಾಡುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದು ಆ ಮೌನದ ಹೊತ್ತಿನಲ್ಲೇ. ಬಗ್ಗಿ ನಿಂತು, ದವಡೆಯಲ್ಲಿ ಜೇಷ್ಠಮಧು ಆಡಿಸುತ್ತಾ, ಕಿವಿ ಅಲ್ಲಾಡಿಸುತ್ತಾ ನಾನು ಆ ಇಪ್ಪತ್ತನ್ನು ನಲವತ್ತು ಮಾಡುತ್ತಿದ್ದೆ.

ಒಂದು ಸಲ ಸಾವಿತ್ರಮ್ಮನವರ ಮನೆಯ ನಡುಮನೆಯಲ್ಲೇ ಇದು ನಡೆದಿತ್ತು. ಮುಗಿಸಿ ತಲೆಯೆತ್ತಿದರೆ ಬಾಗಿಲಲ್ಲಿ ಉಪದೇಶಿಗಳು! ಬೊಂಬೆ ಹಿಂದಿರುಗಿಸಲು ಬಂದವರು, ಕೈಯಲ್ಲಿ ಹುಲಿ ಹಿಡಿದುಕೊಂಡು ನಿಂತಿದ್ದರು. ಹುಲಿಗಿಂತ ನನಗೆ ಅವರ ಮುಖ ಕಂಡು ಹೆಚ್ಚು ಭಯವಾಯಿತು.

“ಕೆಮ್ಮು ಎರಡಲ್ಲ ಕಣೋ, ಮೂರು” ಎಂದರು.

“ತಪ್ಪಾಯ್ತು ಉಪದೇಶಿಗಳೇ.”

“ತಪ್ಪೇನು ಬುಡು, ಚೆನ್ನಾಗೇ ಮಾಡ್ತೀಯ. ಒಂದು ಮಾತು ಕೇಳ್ತೀನಿ. ಬಗ್ಗಿದಾಗ ಏನು ನೋಡ್ತೀಯ?”

“ಏನೂ ಇಲ್ಲ. ಬಗ್ತೀನಿ ಅಷ್ಟೇ.”

“ಹೂಂ” ಎಂದು ಹುಲಿಯನ್ನು ಸಾವಿತ್ರಮ್ಮನವರ ಕೈಗಿತ್ತು ಹೊರಟುಹೋದರು.

ನೀವು ನಗುತ್ತಿದ್ದೀರಿ, ನಾನೂ ಆಗ ನಕ್ಕೆ. ಆದರೆ ನಗುವಿನ ಹಿಂದೆ ಒಂದು ವಿಷಯ ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ಊದಿನಕಡ್ಡಿ ಕಾರ್ಖಾನೆಗೆ ಹೊಸದಾಗಿ ಸೇರಿದವರು ಮೊದಲ ವಾರ ಗಂಧದ ವಾಸನೆಗೆ ಮರುಳಾಗಿ ತೇಲಾಡುತ್ತಾರೆ. ಮೂರು ತಿಂಗಳಾಗಲಿ, ಮೂಗಿಗೆ ಏನೂ ಹತ್ತುವುದಿಲ್ಲ. ದಾರಿಯಲ್ಲಿ ಹೋಗುವವರು ‘ಆಹಾ’ ಎಂದು ನಿಂತರೆ ಒಳಗಿರುವವನು ‘ಏನು?’ ಎಂದು ಕೇಳುತ್ತಾನೆ. ನನಗೆ ಹಬ್ಬ ಹಾಗಾಗಿತ್ತು. ಚಿಕ್ಕಂದಿನಲ್ಲಿ ಆ ಗೋದಲಿಯ ಮುಂದೆ ಕೂತಾಗ ಎದೆಯಲ್ಲಿ ಏನೋ ಹಿಗ್ಗು ಏಳುತ್ತಿತ್ತು. ದೇವರು ನಮ್ಮ ವಠಾರಕ್ಕೇ ಬಂದುಬಿಟ್ಟಿದ್ದಾನೆ, ಗಟ್ಟಿಯಾಗಿ ಉಸಿರಾಡಿದರೆ ಎದ್ದು ಅತ್ತಾನು ಎಂದು ಉಸಿರು ಹಿಡಿದು ಕೂರುತ್ತಿದ್ದೆ. ಅದೇ ನಾನು ಇಪ್ಪತ್ತರ ಹೊತ್ತಿಗೆ ಸ್ವಾಮಿಗಳು ಪೂಜೆಯ ನಡುವೆ ಮಾಡುವ ಪ್ರಸಂಗ ಕೇಳುತ್ತಾ ಅವರ ‘ಳ’ಕಾರಗಳನ್ನಷ್ಟೇ ಹೆಕ್ಕುತ್ತಿದ್ದೆ. ‘ದೇವರು ಲೋಕವನ್ನು ಎಷ್ಟೋ ಪ್ರೀತಿಸಿದನು’ ಎಂದು ಓದಿದರೆ, ಯಾರ ದನಿಯಲ್ಲಿ ಅಂದರೆ ಹೆಚ್ಚು ಸೊಗಸು ಎಂದು ಲೆಕ್ಕ ಹಾಕುತ್ತಿದ್ದೆ. ಮಾತು ಕಿವಿಗೆ ಬೀಳುತ್ತಿತ್ತು, ಅಲ್ಲಿಂದ ಸೀದಾ ಗಂಟಲಿಗೆ ಹೋಗುತ್ತಿತ್ತು. ಎದೆಯ ಕಡೆ ತಿರುಗುತ್ತಲೇ ಇರಲಿಲ್ಲ. ಎಲ್ಲವನ್ನೂ ಅಣಕಿಸಿ ಅಣಕಿಸಿ ನನಗೆಂದು ಏನೂ ಉಳಿಸಿಕೊಂಡಿರಲಿಲ್ಲ.

ಹೀಗಿರುವಾಗ ಒಂದು ವರ್ಷ ನವೆಂಬರಿನಲ್ಲಿ ಉಪದೇಶಿಗಳ ಗಂಟಲಲ್ಲಿ ಗಂಟೊಂದು ಎದ್ದಿತು. ಡಾಕ್ಟರು ಅದನ್ನು ತೆಗೆದುಹಾಕಿ, ಮೂರು ತಿಂಗಳು ಪಿಸುಮಾತೂ ಕೂಡದು, ಆಡಿದರೆ ಇರುವ ದನಿಯೂ ಹೋದೀತು ಎಂದು ಕಟ್ಟಪ್ಪಣೆ ಮಾಡಿದರು. ಉಪದೇಶಿಗಳು ಕೊರಳಿಗೆ ಸ್ಲೇಟೊಂದನ್ನು ನೇತುಹಾಕಿಕೊಂಡು, ಬಳಪ ಕಿವಿಗೆ ಸಿಕ್ಕಿಸಿಕೊಂಡು ಓಡಾಡತೊಡಗಿದರು. ಅಂಥ ಕಿವಿ ಕೊನೆಗೂ ಉಪಯೋಗಕ್ಕೆ ಬಂತು ಎಂದು ನಾನೇ ತಮಾಷೆ ಮಾಡಿದೆ. ಜಗಳವಾಡಿಕೊಂಡು ಬಂದ ಗಂಡ ಹೆಂಡಿರು ಅವರು ಬರೆದು ಮುಗಿಸುವಷ್ಟರಲ್ಲಿ ರಾಜಿಯಾಗಿಬಿಡುತ್ತಿದ್ದರು.

ಹಬ್ಬಕ್ಕೆ ಎರಡು ದಿನ ಇತ್ತು. ಗೋದಲಿಯ ಗೋಣಿತಾಟಿಗೆ ನೀಲಿ ಬಳಿಯುತ್ತಿದ್ದೆ. ಉಪದೇಶಿಗಳು ಬಂದು ಸ್ಲೇಟು ಮುಂದೆ ಹಿಡಿದರು. ‘ಕತೆ ನೀನು ಹೇಳು.’

“ನಾನಾ? ಬೇಡಿ ಉಪದೇಶಿಗಳೇ. ನಾನು ಬಾಯಿ ತೆಗೆದ್ರೆ ಜನ ನಗ್ತಾರೆ.”

ಒರೆಸಿ ಬರೆದರು. ‘ನನ್ನ ಹಾಗೆಯೇ ಹೇಳು.’

“ನಿಮ್ಮೆದುರಿಗೇ?”

‘ಮಕ್ಕಳಿಗೆ ಕತೆ ತಪ್ಪಬಾರದು.’ ಬಳಪ ಒತ್ತಿ ಬರೆದದ್ದಕ್ಕೆ ಸ್ಲೇಟು ಕಿರ್ರೆಂದಿತು. ‘ಇಲ್ಲದಿದ್ದರೆ ನಾನೇ ಹೇಳಬೇಕಾಗುತ್ತದೆ.’

ಮುಗಿಯಿತಲ್ಲ! ಒಪ್ಪದಿದ್ದರೆ ಆ ಮನುಷ್ಯ ಖಂಡಿತ ಬಾಯಿ ತೆಗೆದು, ಇರುವ ದನಿಯನ್ನೂ ಕಳೆದುಕೊಳ್ಳುವವರೇ. ಒಪ್ಪಿದರೆ, ನಾನು ಶಾಲು ಒಗೆದ ಕೂಡಲೇ ವಠಾರ ಗೊಳ್ಳೆಂದು ನಗುತ್ತದೆ. ನಲವತ್ತು ವರ್ಷ ಅವರು ಜತನವಾಗಿ ಕಾಪಾಡಿದ್ದ ಕತೆ ಅವರ ಕಣ್ಣೆದುರಿಗೇ ನನ್ನ ಕೈಯಲ್ಲಿ ಆಟದ ಸಾಮಾನಾಗುತ್ತದೆ. ಅವ್ವನಿಗೆ ಹೇಳಿದೆ.

“ಊರೆಲ್ಲಾ ಅವರ ವೇಷ ಹಾಕಂಡು ಕುಣಿದ್ಯಲ್ಲ, ಈಗ ಕುಣಿ” ಎಂದಳು ಅವ್ವ. ಕೈಯಲ್ಲಿದ್ದ ಕರ್ಜಿಕಾಯಿಯ ಅಂಚು ಮಡಿಸಿ ಮುಗಿಸಿ, “ನಗಿಸಬೇಡ ಕಣೋ ಮಗ. ಅವರು ನೊಂದ್ಕತಾರೆ” ಎಂದಳು. ಅದೇ ಸಮಸ್ಯೆ. ನಗಿಸದೆ ಇರುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ.

ಹಬ್ಬದ ಮಧ್ಯಾಹ್ನ ಜಗಲಿಯ ಮುಂದೆ ಮಕ್ಕಳು ತುಂಬಿದ್ದರು. ಸಾವಿತ್ರಮ್ಮನವರು ತಮ್ಮ ರಾಜ ರಾಣಿಯರ ಕ್ಷೇಮ ವಿಚಾರಿಸಿಕೊಂಡು ಮಣೆ ಹಾಕಿಸಿಕೊಂಡು ಕೂತಿದ್ದರು. ಉಪದೇಶಿಗಳು ಮೊದಲ ಸಾಲಿನಲ್ಲಿ, ಮಕ್ಕಳ ನಡುವೆ, ಚಾಪೆಯ ಮೇಲೆ. ತಮ್ಮ ಶಾಲನ್ನು ಅವರೇ ತೆಗೆದು ನನಗೆ ಕೊಟ್ಟರು. ಅದು ಬೆಚ್ಚಗಿತ್ತು.

ಕೆಮ್ಮಿದೆ. ಶಾಲು ಒಗೆದೆ. “ಕೇಳ್ರಪ್ಪಾ ಮಕ್ಕಳಿರಾ!”

ನಿರೀಕ್ಷಿಸಿದಂತೆಯೇ ವಠಾರ ಗೊಳ್ಳೆಂದಿತು. ಹಿಂದಿನಿಂದ ನನ್ನ ಗೆಳೆಯನೊಬ್ಬ, “ಕಿವಿ ಅಲ್ಲಾಡ್ಸೋ!” ಎಂದು ಕೂಗಿದ. ನನ್ನ ಕಿವಿ ತಾನಾಗಿಯೇ ಅಲ್ಲಾಡತೊಡಗಿತು, ಹಾಳು ಅಭ್ಯಾಸ. ಉಪದೇಶಿಗಳ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಕತೆ ಎಂದೂ ಕೇಳಿಲ್ಲವೇನೋ ಎಂಬಂತೆ ಬಾಯಿ ಸ್ವಲ್ಪ ತೆರೆದು ನನ್ನನ್ನೇ ನೋಡುತ್ತಿದ್ದರು. ಎಷ್ಟಾದರೂ, ನಲವತ್ತು ವರ್ಷ ಹೇಳಿದ ಕತೆಯನ್ನು ಅವರು ಇನ್ನೊಬ್ಬರ ಬಾಯಿಂದ ಕೇಳಿದ್ದು ಯಾವಾಗ? ಬನ್ನಿಮಂಟಪದ ಜನಜಂಗುಳಿ ದಾಟಿಸಿದೆ. ಛತ್ರದವನಿಂದ “ಮುಂದಕ್ಕೋಗಿ” ಅನ್ನಿಸಿದೆ. ನಗು ಕಡಿಮೆಯಾಗುತ್ತಾ ಬಂತು. ಕೊಟ್ಟಿಗೆ ಬಂತು, ಹುಲ್ಲು ಬಂತು, ಮಗು ಬಂತು.

ಇನ್ನು ಬಗ್ಗಬೇಕು.

ನೂರು ಸಲ ಬಗ್ಗಿದ್ದೇನೆ, ಆದರೆ ಗೋದಲಿಯ ಮುಂದೆ ಒಮ್ಮೆಯೂ ಬಗ್ಗಿದವನಲ್ಲ. ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದೆ. ಅವರ ಹಾಗೆಯೇ ಆಗಬೇಕಾದರೆ ಅವರು ನೋಡುವಲ್ಲಿಯೇ ನೋಡಬೇಕಲ್ಲ, ನೋಡಿದೆ. ನಿಂತವರಿಗೆ ಹುಲ್ಲಿನ ಸೂರು ಅಡ್ಡವಾಗಿ ಬಾಲಯೇಸುವಿನ ಪಾದಗಳಷ್ಟೇ ಕಾಣುತ್ತವೆ. ಅಷ್ಟು ಬಗ್ಗಿದರೆ ಮಾತ್ರ ಮುಖ. ಹೆಬ್ಬೆರಳ ಉಗುರಿನಷ್ಟು ಮುಖ, ಬಣ್ಣ ಹೋದ ಕೆನ್ನೆ, ಏನೋ ಹೇಳಹೊರಟು ಬಾರದೆ ಹೋದ ಹಾಗೆ ತುಸು ತೆರೆದ ಬಾಯಿ.

ನನ್ನದು ಕಳ್ಳಬುದ್ಧಿ. ಯಾರ ಮುಖ ಕಂಡರೂ, ಇವರಲ್ಲಿ ಕದಿಯುವಂಥದ್ದು ಏನಿದೆ ಎಂದು ಹುಡುಕುತ್ತದೆ. ಅಲ್ಲೂ ಹುಡುಕಿತು. ನಡಿಗೆಯಿಲ್ಲ. ಕೆಮ್ಮಿಲ್ಲ. ಮಾತಿಲ್ಲ, ಮಾತಿನ ಧಾಟಿಯಿಲ್ಲ. ಅಣಕಿಸಲು ಏನೆಂದರೆ ಏನೂ ಇಲ್ಲ. ಬೆಳಕಾಗಲಿ ಎಂದು ಒಂದೇ ಮಾತಿನಲ್ಲಿ ಬೆಳಕು ಮಾಡಿದವನು ಇಲ್ಲಿ ಒಂದು ಮಾತೂ ಬಾರದೆ ಹುಲ್ಲಿನ ಮೇಲೆ ಮಲಗಿದ್ದಾನೆ. ಇನ್ನು ಎಲ್ಲವನ್ನೂ ಕಲಿಯಬೇಕು. ಹೇಗೆ? ನಾವೆಲ್ಲ ಕಲಿತ ಹಾಗೆಯೇ: ಅವ್ವನ ತೊಡೆಯ ಮೇಲೆ ಮಲಗಿ, ಅವಳ ಬಾಯನ್ನೇ ನೋಡುತ್ತಾ, ಅವಳು ಅಂದದ್ದನ್ನು ತಾನೂ ಅನ್ನುತ್ತಾ. ದೇವರು ನಮ್ಮನ್ನು ಅನುಕರಿಸಿ ಮಾತು ಕಲಿಯಲು ಬಂದಿದ್ದಾನೆ! ನಮ್ಮ ಕೆಮ್ಮು, ನಮ್ಮ ನೆಗಡಿ, ನಮ್ಮ ಅಳು, ನಮ್ಮ ಈ ಒಡಕು ಗಂಟಲನ್ನು ಎರವಲು ಕೇಳಿಕೊಂಡು ಬಂದಿದ್ದಾನೆ. ಯಾಕೆ? ಪ್ರೀತಿಯಿಲ್ಲದೆ ಯಾರೂ ಯಾರ ಬಾಯನ್ನೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ. ನನಗಾದರೂ ಗೊತ್ತಿರಬೇಕಿತ್ತು, ಮೂರನೆಯ ತರಗತಿಯಿಂದ ಅದೇ ಕಸುಬು ಮಾಡಿದವನು ನಾನು. ಚೌರಪ್ಪನವರ ಕೆಮ್ಮನ್ನು ಎಣಿಸುವಷ್ಟು ನಾನು ಅವರನ್ನು ನೋಡಿದ್ದು ಬರೀ ನಗಿಸುವುದಕ್ಕೆಯೇ?

ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ. ಈ ಸಲ ಎಣಿಸಲಿಲ್ಲ. ಯಾರೂ ನಗುತ್ತಿಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು. ಚಿಕ್ಕಂದಿನ ಆ ಹಿಗ್ಗು ಹೇಳದೆ ಕೇಳದೆ ಎದೆಗೆ ಬಂದು ಕೂತಿತ್ತು, ನಾನು ಉಸಿರು ಹಿಡಿದಿದ್ದೆ.

ಮೊದಲ ಸಾಲಿನಲ್ಲಿ ಕೂತಿದ್ದ ವಠಾರದ ಐದು ವರ್ಷದ ಹುಡುಗಿ ಲೂರ್ದು ಎದ್ದು ಬಂದು, ನನ್ನ ಪಕ್ಕದಲ್ಲಿ ತಾನೂ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದಳು. “ಮಾಮ, ಪಾಪುಗೆ ಚಳಿ ಆಗಲ್ವಾ?”

ಇದು ಉಪದೇಶಿಗಳ ಕತೆಯಲ್ಲಿ ಇಲ್ಲದ ಪ್ರಶ್ನೆ. 

“ಆಗುತ್ತೆ ಕಣಮ್ಮ” ಎಂದೆ. “ನಮಗೆ ಆಗೋದೆಲ್ಲ ಅದಕ್ಕೂ ಆಗುತ್ತೆ. ಗೊತ್ತಿದ್ದೂ ಬಂತು.”

“ಯಾಕೆ?”

“ನಮ್ಮನ್ನ ಬಿಟ್ಟಿರೋಕೆ ಆಗ್ಲಿಲ್ವಂತೆ.”

 ಅದು ಯಾರ ದನಿಯೆಂದು ನನಗೇ ಗುರುತು ಸಿಗಲಿಲ್ಲ. ತುಂಬಾ ಹಳೆಯ ಪರಿಚಯದವರ ಹಾಗಿತ್ತು. ಅವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಅದು ಸಾವಿತ್ರಮ್ಮನವರ ಹೇಳಿಕೆ. ಅವ್ವನನ್ನು ಕೇಳಿದರೆ ಒಲೆಯ ಹೊಗೆ ಎನ್ನುತ್ತಾಳೆ. ಒಲೆ ಆರಿ ಆಗಲೇ ಎರಡು ಗಂಟೆಯಾಗಿತ್ತು.

ಉಳಿದ ಕತೆಯನ್ನು ಹೇಗೋ ಮುಗಿಸಿದೆ. ಕುರುಬರನ್ನು ಕರೆದೆ, ದೇವದೂತರಿಂದ “ಎದರ್ಕಬೇಡ್ರಪ್ಪಾ” ಅನ್ನಿಸಿದೆ, ರಾಣಿಯ ಕೈಯಿಂದ ತುಪ್ಪ ಕೊಡಿಸಿದೆ. ಮಕ್ಕಳು ಕಜ್ಜಾಯದ ಕಡೆ ಓಡಿದರು. ಶಾಲು ಮಡಿಸಿ ಉಪದೇಶಿಗಳಿಗೆ ಕೊಡಲು ಹೋದೆ. ಕಿವಿಯಿಂದ ಬಳಪ ತೆಗೆದು ಬಹಳ ಹೊತ್ತು ಸ್ಲೇಟಿನ ಮೇಲೆ ಹಿಡಿದುಕೊಂಡಿದ್ದರು. ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಬರೆದು ತೋರಿಸಿದರು: ‘ನೀನು ಇವತ್ತು ನಾಲ್ಕು ಸಲ ಕೆಮ್ಮಿದೆ.’ ಆಮೇಲೆ ಆ ಸ್ಲೇಟನ್ನು ಬದಿಗಿಟ್ಟು, ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು, ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿದರು.

ಇಷ್ಟಾದ ಮೇಲೆ ನಾನು ಸಾಧುವಾಗಿಬಿಟ್ಟೆ ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಮರುದಿನವೇ ಕಾರ್ಖಾನೆಯಲ್ಲಿ ಯಜಮಾನರನ್ನು ಮಾಡಿ ಸಿಕ್ಕಿಬಿದ್ದೆ. ವಿದೇಶಿ ಸ್ವಾಮಿಗಳ ‘ಳ’ಕಾರ ಇನ್ನೂ ನನ್ನ ಬಳಿಯೇ ಇದೆ. ಆದರೆ ಈಗ ಅವರು ‘ಮಕ್ಕಲೇ’ ಎಂದರೆ, ಇಷ್ಟು ದೂರ ಬಂದು, ನಾಲಗೆ ಹೊರಳದಿದ್ದರೂ ನಮ್ಮನ್ನು ನಮ್ಮ ಮಾತಿನಲ್ಲೇ ಕರೆಯಬೇಕೆಂಬ ಆಸೆಯಿತ್ತಲ್ಲ ಎನ್ನುವುದೂ ಜೊತೆಗೇ ಕೇಳಿಸುತ್ತದೆ. ಹಾಗೆ ಕೇಳಿಸಿದ ದಿನ ನನ್ನ ಅಣಕವೂ ಹೆಚ್ಚು ಚೆನ್ನಾಗಿ ಬರುತ್ತದೆ. ಇದು ವಿಚಿತ್ರ.

ಮುಂದಿನ ಹಬ್ಬದ ಹೊತ್ತಿಗೆ ಉಪದೇಶಿಗಳಿಗೆ ದನಿ ಬಂದಿತ್ತು. ಮೊದಲಿನಷ್ಟಲ್ಲ, ಮರಳು ಸೋಸಿದ ಹಾಗೆ. ಹತ್ತಿರ ಕೂತರೆ ಕೇಳುತ್ತಿತ್ತು. ಹಾಗಾಗಿ ಎಲ್ಲರೂ ಹತ್ತಿರ ಹತ್ತಿರ ಕೂತೆವು. ನಾನು ಮಕ್ಕಳ ಸಾಲಿನಲ್ಲಿ, ಲೂರ್ದುವಿನ ಪಕ್ಕ. ಅವರು ಕೆಮ್ಮಿದರು, ಶಾಲು ಒಗೆದರು, ಬೆತ್ಲೆಹೇಮಿಗೆ ಹೊರಟರು. ಛತ್ರಗಳು ಮುಗಿದವು. ಕೊಟ್ಟಿಗೆ ಬಂತು. ಉಪದೇಶಿಗಳು ಮೆಲ್ಲನೆ ಬಗ್ಗಿದರು.

ಪ್ರತಿವರ್ಷ ಈ ಹೊತ್ತಿಗೆ ಅವರ ಬೆನ್ನ ಹಿಂದೆ ನಾನು ನಡೆಸುತ್ತಿದ್ದ ಚೇಷ್ಟೆ ನೋಡಿ ಮುಸಿಮುಸಿ ನಗುವುದು ಸಾವಿತ್ರಮ್ಮನವರಿಗೆ ಅಭ್ಯಾಸವಾಗಿತ್ತು. ಕಾದು ಕಾದು ನನ್ನ ಭುಜ ತಿವಿದರು.

“ಏನೋ ರಾಯಪ್ಪ, ಇವತ್ತು ಸುಮ್ನೆ ಕೂತಿದೀಯ?”

“ಶ್, ಸ್ವಲ್ಪ ತಾಳಿ ಅಮ್ಮಾ” ಎಂದೆ. “ಮುಂದೇನಾಗುತ್ತೋ ಕೇಳೋಣ.”